ಹಳೆಯ ಐಬಿಎಂ ಕೀಲಿಮಣೆಗೆ ಮತ್ತೆ ಅಚ್ಚು ಹಾಕಿಸಬೇಕೇ?

ಐಬಿಎಂ 1981ರ ಆಗಸ್ಟ್‌ನಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ ಅದರೊಂದಿಗೆ ಬಂದದ್ದು 'ಮಾಡೆಲ್ ಎಫ್' ಎಂಬ ಕೀಲಿಮಣೆ. ಕೆಲವೇ ವರ್ಷಗಳಲ್ಲಿ, ತಯಾರಿಕೆಗೆ ಅಗ್ಗವಾದ 'ಮಾಡೆಲ್ ಎಂ' ಅದರ ಜಾಗ ಹಿಡಿಯಿತು. ಮೂರು ದಶಕಗಳ ನಂತರ ಅಮೆರಿಕದ ಹವ್ಯಾಸಿಯೊಬ್ಬರು ಆ ಎಫ್ ಅನ್ನೇ ಹೊಸದಾಗಿ ತಯಾರಿಸಲು ಹೊರಟರು. ಚೀನಾದ ಕಾರ್ಖಾನೆಯಲ್ಲಿ ತಯಾರಿ, ಗ್ರಾಹಕರಿಂದ ಮುಂಗಡ ಹಣ, ಬೆಲೆ ಸುಮಾರು 400 ಡಾಲರ್. ಇದು ಮಾಡಬೇಕಾದ ಕೆಲಸವೇ ಎಂಬ ಬಗ್ಗೆ ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಮಾಡಿ ನೋಡದೆ ವಿದ್ಯೆ ಉಳಿಯುವುದಿಲ್ಲ

ಕೀಲಿಮಣೆಯ ವಿಷಯದಲ್ಲಿ ಭಾವುಕರಾಗುವವರೆಂದರೆ ನನಗೂ ಅಷ್ಟಕ್ಕಷ್ಟೇ. ಆದ್ದರಿಂದ ಹಳೆಯ ಕಾಲದ ಸೊಗಸು, ಬಾಲ್ಯದ ನೆನಪು ಮುಂತಾದವನ್ನೆಲ್ಲ ಬದಿಗಿಟ್ಟು ಯಂತ್ರದಿಂದಲೇ ಶುರು ಮಾಡುತ್ತೇನೆ.

ಮಾಡೆಲ್ ಎಫ್‌ನ ಪ್ರತಿ ಕೀಲಿಯ ಕೆಳಗೂ ಒಂದು ಕೊಳವೆ, ಅದರೊಳಗೊಂದು ಸುರುಳಿ ಸ್ಪ್ರಿಂಗ್. ಕೀಲಿಯನ್ನು ಒತ್ತಿದಂತೆ ಸ್ಪ್ರಿಂಗ್ ಕುಗ್ಗುತ್ತ ಬೆರಳಿಗೆ ಎದುರೊತ್ತು ಕೊಡುತ್ತದೆ. ಒಂದು ಹಂತ ದಾಟಿದಾಗ ಇನ್ನು ತಾಳಲಾರದೆ ಥಟ್ಟನೆ ಬದಿಗೆ ಬಾಗುತ್ತದೆ. ಬಾಗಿ ಕೊಳವೆಯ ಗೋಡೆಗೆ ಬಡಿಯುವ ಶಬ್ದವೇ ನಮಗೆ ಕೇಳುವ 'ಟಕ್'. ಸ್ಪ್ರಿಂಗ್‌ನ ಬುಡದಲ್ಲಿರುವ ಚಪ್ಪಟೆ ತುಂಡು ಅದೇ ಗಳಿಗೆಯಲ್ಲಿ ವಾಲಿ, ಕೆಳಗಿನ ಸರ್ಕ್ಯೂಟ್ ಬೋರ್ಡಿನ ಕೆಪ್ಯಾಸಿಟೆನ್ಸನ್ನು, ಅಂದರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯವನ್ನು, ಬದಲಿಸುತ್ತದೆ. ಕೀಲಿ ಒತ್ತಲಾಯಿತೆಂದು ಕಂಟ್ರೋಲರ್‌ಗೆ, ಅಂದರೆ ಕೀಲಿಗಳನ್ನು ಓದುವ ಚಿಪ್‌ಗೆ, ಗೊತ್ತಾಗುವುದು ಹೀಗೆ. ಬೆರಳಿಗೆ ತಿಳಿಯುವುದು, ಕಿವಿಗೆ ಕೇಳುವುದು, ಸಂಕೇತ ಹೊರಡುವುದು ಇವು ಮೂರು ಬೇರೆ ಬೇರೆ ಏರ್ಪಾಡುಗಳಲ್ಲ, ಒಂದೇ ಘಟನೆ. ಐಬಿಎಂನ ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1978ರಲ್ಲಿ.

ಇಂದು ಅಂಗಡಿಯಲ್ಲಿ ಸಿಗುವ ಮೆಕ್ಯಾನಿಕಲ್ ಕೀಲಿಮಣೆಗಳ, ಟಕ್ ಎನ್ನುವ 'ನೀಲಿ' ಸ್ವಿಚ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅವುಗಳಲ್ಲಿ ಸದ್ದು ಮಾಡಲೆಂದೇ ಒಂದು ಜಾರುವ ತುಂಡು ಇರುತ್ತದೆ. ವಿದ್ಯುತ್ ಸಂಪರ್ಕಕ್ಕೆ ಇನ್ನೊಂದು ಜೋಡಿ ಲೋಹದ ಎಲೆಗಳು. ಸದ್ದೂ ಸಂಪರ್ಕವೂ ಹತ್ತಿರ ಹತ್ತಿರ ನಡೆಯುತ್ತವೆಯೇ ಹೊರತು ಒಂದೇ ಬಿಂದುವಿನಲ್ಲಿ ನಡೆಯುವುದಿಲ್ಲ. ಕೀಲಿ ಮೇಲೇಳುವಾಗ ಆ ಅಂತರ ಇನ್ನಷ್ಟು ಹಿಗ್ಗುತ್ತದೆ. ಬಹುತೇಕರಿಗೆ ಇದು ಗೊತ್ತೇ ಆಗುವುದಿಲ್ಲ ಎನ್ನಬಹುದು. ದಿನವಿಡೀ ಟೈಪ್ ಮಾಡುವವರನ್ನು ಕೇಳಿ ನೋಡಿ.

ಹಾಗಾದರೆ ಮಾಡೆಲ್ ಎಂ ಇದೆಯಲ್ಲ, ಅದು ಇಂದಿಗೂ ತಯಾರಾಗುತ್ತಿದೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ನಿಜ. ಐಬಿಎಂ 1991ರಲ್ಲಿ ತನ್ನ ಪ್ರಿಂಟರ್ ಮತ್ತು ಕೀಲಿಮಣೆ ವಿಭಾಗವನ್ನು ಲೆಕ್ಸ್‌ಮಾರ್ಕ್ ಎಂಬ ಕಂಪನಿಯಾಗಿ ಬೇರ್ಪಡಿಸಿತು. ಲೆಕ್ಸ್‌ಮಾರ್ಕ್ ಕೀಲಿಮಣೆಯ ಕೆಲಸ ಕೈಬಿಟ್ಟಾಗ, 1996ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಹುಟ್ಟಿದ ಯೂನಿಕಾಂಪ್ ಆ ಅಚ್ಚುಗಳನ್ನು ಕೊಂಡು ಮಾಡೆಲ್ ಎಂ ಅನ್ನು ಮುಂದುವರಿಸಿತು. ಅವರ ಮೇಲೆ ನನಗೆ ಗೌರವವಿದೆ. ಆದರೆ ಎಂ ಎನ್ನುವುದು ಎಫ್‌ನ ಖರ್ಚು ಕತ್ತರಿಸಿ ಮಾಡಿದ ಆವೃತ್ತಿ. ಸ್ಪ್ರಿಂಗ್ ಅದೇ, ಆದರೆ ಕೆಪ್ಯಾಸಿಟೆನ್ಸ್ ಬೋರ್ಡಿನ ಜಾಗಕ್ಕೆ ಒತ್ತಿದಾಗ ಸಂಪರ್ಕ ಕೂಡಿಸುವ ತೆಳು ಪ್ಲಾಸ್ಟಿಕ್ ಪದರಗಳ ಮೆಂಬ್ರೇನ್ ಹಾಳೆ ಬಂತು, ಎರಡು ಉಕ್ಕಿನ ತಗಡುಗಳ ನಡುವೆ ಬಿಗಿದಿದ್ದ ಬಿಡಿ ಕೊಳವೆಗಳ ಜಾಗಕ್ಕೆ ಇಡಿಯಾಗಿ ಎರಕ ಹೊಯ್ದ ಪ್ಲಾಸ್ಟಿಕ್ ಹಲಗೆ ಬಂತು. ಆ ಹಲಗೆಯನ್ನು ಹಿಡಿದಿಡುವುದು ಪ್ಲಾಸ್ಟಿಕ್ ರಿವೆಟ್‌ಗಳು. ವಯಸ್ಸಾದಂತೆ ಅವು ಒಂದೊಂದಾಗಿ ಮುರಿದು ಒಳಗೇ ಉದುರುತ್ತವೆ. ಎಂ ಕೀಲಿಗೆ ಎರಡೂವರೆ ಕೋಟಿ ಒತ್ತುಗಳ ಬಾಳಿಕೆ ಎಂದರೆ ಎಫ್‌ಗೆ ಹತ್ತು ಕೋಟಿ. ಎಫ್‌ನಲ್ಲಿ ಎಷ್ಟು ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಎಲ್ಲವೂ ದಾಖಲಾಗುತ್ತವೆ. ಎಂ ಕೆಲವೇ ಕೀಲಿಗಳ ಜೋಡಣೆಗೆ ತಬ್ಬಿಬ್ಬಾಗುತ್ತದೆ.

ಇನ್ನು ಹಳೆಯ ಎಫ್‌ಗಳನ್ನೇ ಹುಡುಕಿ ಬಳಸಬಾರದೇಕೆ? ಇಲ್ಲಿಯೇ ಇರುವುದು ನನ್ನ ಮುಖ್ಯ ವಾದ. ಮರುತಯಾರಿಕೆಗೆ ಮಾದರಿಯಾದದ್ದು ಮೊದಲ ಪಿಸಿಯ 83 ಕೀಲಿಗಳ ಮಣೆಯಲ್ಲ. ಅದೇ ದಶಕದಲ್ಲಿ ಬ್ಯಾಂಕುಗಳ ಕೌಂಟರಿಗೆಂದು ಐಬಿಎಂ ಮಾಡಿದ 4704 ಟರ್ಮಿನಲ್‌ನ (ದೊಡ್ಡ ಕಂಪ್ಯೂಟರಿಗೆ ಜೋಡಿಸುವ ಪರದೆ ಮತ್ತು ಕೀಲಿಮಣೆ) 62 ಮತ್ತು 77 ಕೀಲಿಗಳ ಪುಟ್ಟ ಲೋಹದ ಮಣೆಗಳು. ಇವು ಮೊದಲೇ ವಿರಳ. ಹೆಸರು ಹರಡಿದ ಮೇಲೆ ಸಂಗ್ರಾಹಕರು ಟರ್ಮಿನಲ್‌ಗಳಿಂದ ಮಣೆಗಳನ್ನು ಕಿತ್ತುಕೊಂಡು ಹೋಗತೊಡಗಿದರು. ಹಳೆಯ ಕಂಪ್ಯೂಟರುಗಳನ್ನು ಕಾಪಾಡುವವರ ಬಳಿ ಪರದೆ ಉಳಿಯಿತು, ಕೀಲಿಮಣೆ ಇಲ್ಲ. ಹೊಸದಾಗಿ ತಯಾರಿಸುವುದರಿಂದ ಈ ಲೂಟಿ ಪೂರ್ತಿ ನಿಲ್ಲದಿರಬಹುದು. ಬಳಸುವುದಕ್ಕಾಗಿಯೇ ಬೇಕೆನ್ನುವವರಿಗಾದರೂ ಇನ್ನೊಂದು ದಾರಿ ತೆರೆಯುತ್ತದೆ.

ಅದಕ್ಕಿಂತ ದೊಡ್ಡ ಮಾತು ತಯಾರಿಕೆಯ ವಿದ್ಯೆಯದು. ಪೇಟೆಂಟ್ ಪತ್ರ ತತ್ವವನ್ನು ಹೇಳುತ್ತದೆ. ಬಾಗಿದ ಎರಡು ಉಕ್ಕಿನ ತಗಡುಗಳನ್ನು ನಡುವಿನ ಫೋಮ್ ಅದುಮಿ ಒಂದರೊಳಗೊಂದು ಜಾರಿಸುವಾಗ ಎಷ್ಟು ಬಿಗಿ ಬೇಕು, ಫೋಮ್ ಎಷ್ಟು ದಪ್ಪವಿದ್ದರೆ ಕೊಳವೆಗಳು ಅಲುಗುವುದಿಲ್ಲ, ಕೀಲಿಯ ಕಾಂಡ ಕೊಳವೆಯೊಳಗೆ ಎಷ್ಟು ಸಡಿಲವಿದ್ದರೆ ಸಿಕ್ಕಿಬೀಳುವುದಿಲ್ಲ ಎಂಬುದು ಒಂದನ್ನು ಮಾಡಿ, ಕೆಡಿಸಿ, ಮತ್ತೆ ಮಾಡಿದವರಿಗೇ ಗೊತ್ತು. ಮೂಲ ಕೆಲಸಗಾರರು ನಿವೃತ್ತರಾದರು, ಅಚ್ಚುಗಳು ಹೋದವು. ವಸ್ತುಸಂಗ್ರಹಾಲಯದ ಗಾಜಿನೊಳಗೆ ಹತ್ತು ಎಫ್‌ಗಳಿದ್ದರೂ ಈ ವಿದ್ಯೆ ಅಲ್ಲಿ ಇರುವುದಿಲ್ಲ. ಈಗ ಅದು ಮತ್ತೆ ಕೆಲವರ ಕೈಯಲ್ಲಿದೆ.

ಇದು ಕುರುಡು ನಕಲೂ ಅಲ್ಲ. ಮೊದಲ ಪಿಸಿಯ 83 ಕೀಲಿಗಳ ಮಣೆಯಲ್ಲಿ ಎಡ ಶಿಫ್ಟ್‌ಗೂ 'ಝಡ್'ಗೂ ನಡುವೆ ಬ್ಯಾಕ್‌ಸ್ಲ್ಯಾಶ್ ಕೀಲಿ ಕೂತಿತ್ತು. ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸದಲ್ಲಿ ಕನ್ನಡ ಬರೆಯುವವರು ಒಮ್ಮೆ ಯೋಚಿಸಿ: ಖ, ಘ, ಣ, ಳ, ಎಲ್ಲ ದೀರ್ಘಗಳು, ಎಲ್ಲದಕ್ಕೂ ಶಿಫ್ಟ್ ಬೇಕು. ಕಿರುಬೆರಳು ಆ ಮಣೆಯ ಮೇಲೆ ಪ್ರತಿ ಪದಕ್ಕೂ ತಡಕಾಡಬೇಕಾಗುತ್ತಿತ್ತು. ಹೊಸದರಲ್ಲಿ ಈಗಿನ ರೂಢಿಯ ಶಿಫ್ಟ್ ಮತ್ತು ಎಂಟರ್ ಹಾಕಿಸಿಕೊಳ್ಳಬಹುದು, ಯುಎಸ್‌ಬಿ ಇದೆ, ಯಾವ ಕೀಲಿ ಏನು ಮಾಡಬೇಕೆಂದು ಬಳಸುವವರೇ ಬದಲಿಸಿಕೊಳ್ಳಬಹುದು.

ಬೆಲೆಗೆ ನನ್ನ ಬಳಿ ಸಮಾಧಾನವಿಲ್ಲ. ರೂಪಾಯಿಯಲ್ಲಿ ಮೂವತ್ತು ಸಾವಿರದ ಮೇಲೆ, ಸುಂಕ ಬೇರೆ. ಆದರೆ ಸತುವಿನ ಪೆಟ್ಟಿಗೆ, ಉಕ್ಕಿನ ತಗಡು, ಕೈಯಿಂದ ಜೋಡಿಸಬೇಕಾದ ನೂರಾರು ಬಿಡಿಭಾಗಗಳಿರುವ ವಸ್ತುವನ್ನು ಸಣ್ಣ ಸಂಖ್ಯೆಯಲ್ಲಿ ಮಾಡಿದರೆ ಇದಕ್ಕಿಂತ ಅಗ್ಗವಾಗುವುದು ಹೇಗೆ? ಐದು ವರ್ಷಕ್ಕೊಂದು ಎಸೆದು ಕೊಳ್ಳುವವರ ಲೆಕ್ಕವೇ ಬೇರೆ.

ವಿರೋಧ: ಸ್ಪ್ರಿಂಗ್ ಕೊಡಿ, ಪೆಟ್ಟಿಗೆ ಬೇಡ

ಮೇಲಿನ ಲೇಖಕರು ಯಂತ್ರವನ್ನು ಚೆನ್ನಾಗಿಯೇ ಬಿಡಿಸಿಟ್ಟಿದ್ದಾರೆ. ಆ ಸ್ಪ್ರಿಂಗ್ ಅದ್ಭುತ ಎಂಬುದರಲ್ಲಿ ನನಗೆ ತಕರಾರಿಲ್ಲ. ತಕರಾರು ಇರುವುದು ಅದರಿಂದ ಅವರು ಜಿಗಿದ ತೀರ್ಮಾನದ ಬಗ್ಗೆ.

ಐಬಿಎಂ ಇಷ್ಟು ಭಾರಿ ಕೀಲಿಮಣೆಯನ್ನು ಮಾಡಿದ್ದೇಕೆ? ಆ ಕಂಪನಿಯ ಗ್ರಾಹಕರು ಅದರದೇ ಸೆಲೆಕ್ಟ್ರಿಕ್ ಎಂಬ ವಿದ್ಯುತ್ ಟೈಪ್‌ರೈಟರಿನ ಮೇಲೆ ಕೈ ಪಳಗಿಸಿಕೊಂಡ ಬೆರಳಚ್ಚುಗಾರರು. ಅವರ ಬೆರಳು ಒಪ್ಪದ ಯಂತ್ರ ಕಚೇರಿಯೊಳಗೆ ಬರುವಂತಿರಲಿಲ್ಲ. ಜೊತೆಗೆ, 1981ರ ಆ ಪಿಸಿಯ ಆರಂಭದ ಬೆಲೆ 1,565 ಡಾಲರ್, ಅದೂ ಪರದೆ, ಡಿಸ್ಕ್ ಡ್ರೈವ್ ಇಲ್ಲದೆ. ಬ್ಯಾಂಕಿನ ಟರ್ಮಿನಲ್ ಇನ್ನೂ ದೊಡ್ಡ ವ್ಯವಸ್ಥೆಯ ಒಂದು ಕೊನೆ. ಕೀಲಿಮಣೆಯ ಖರ್ಚು ಅಂಥ ವ್ಯವಹಾರದೊಳಗೆ ಕರಗಿಹೋಗುತ್ತಿತ್ತು. ದುರಸ್ತಿಗೆ ಐಬಿಎಂನ ಸೇವಾ ಸಿಬ್ಬಂದಿ ಇದ್ದರು. ವಸ್ತುವಿನ ಆಕಾರವನ್ನು ನಕಲು ಮಾಡಬಹುದು, ಈ ಬೆನ್ನೆಲುಬನ್ನು ನಕಲು ಮಾಡಲಾಗದು. ಬೆರಳೆಣಿಕೆಯ ಜನರ ಸಂಸ್ಥೆ ಮುಂಗಡ ಹಣ ಪಡೆದು, ಭೂಮಿಯ ಇನ್ನೊಂದು ಬದಿಯ ಕಾರ್ಖಾನೆಯಲ್ಲಿ ಜೋಡಿಸಿ ಕಳಿಸುವ ವಸ್ತುವಿಗೆ ಹಿಂದೆ ನಿಲ್ಲುವವರು ಆ ಕೆಲವರೇ. ಅವರ ಉತ್ಸಾಹ ಬತ್ತಿದ ದಿನ ಗ್ರಾಹಕ ಮತ್ತೆ ಅನಾಥ.

ಬಾಳಿಕೆಯ ಮಾತು ನೋಡಿ. ಹತ್ತು ಕೋಟಿ ಒತ್ತು ಎಂದು ಹೇಳಿದರು, ಸರಿ. ಹಳೆಯ ಎಫ್‌ಗಳು ಕೆಟ್ಟಿದ್ದು ಸ್ಪ್ರಿಂಗ್ ಸವೆದು ಅಲ್ಲ. ತಗಡು ಮತ್ತು ಕೊಳವೆಗಳ ನಡುವಿನ ಫೋಮ್ ದಶಕಗಳಲ್ಲಿ ಪುಡಿಯಾಗುತ್ತದೆ, ಕೊಳವೆಗಳು ಅಲುಗುತ್ತವೆ, ಕೆಪ್ಯಾಸಿಟೆನ್ಸ್ ಓದುವ ಕಂಟ್ರೋಲರ್ ತಪ್ಪು ಹೇಳತೊಡಗುತ್ತದೆ. ಪೆಟ್ಟಿಗೆಯ ಲೋಹ ನೂರು ವರ್ಷ ಉಳಿದರೂ ಒಳಗಿನ ಸ್ಪಂಜಿಗೆ ಆಯುಸ್ಸು ಅಷ್ಟಿಲ್ಲ. ಹೊಸ ನಕಲಿನಲ್ಲಿಯೂ ಅದೇ ರಚನೆ. ಇನ್ನೊಂದು ವಿಚಿತ್ರವಿದೆ: ಈ ಮಣೆಯಲ್ಲಿ ಕೀಲಿಯೊಂದನ್ನು ತೆಗೆದು ಹಾಕಬೇಕಾದರೆ ಸ್ಪೇಸ್‌ಬಾರ್ ಮೇಲಕ್ಕೆ ಬರುವಂತೆ ಇಡೀ ಮಣೆಯನ್ನು ನೆಟ್ಟಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಕೂರುವುದಿಲ್ಲ. ಸ್ಪ್ರಿಂಗ್ ಸಾಗಣೆಯಲ್ಲಿ ಕದಲಿದ್ದರೆ ಕೊಂಡವರೇ ಹೀಗೆ ನಿಲ್ಲಿಸಿ ಸರಿಮಾಡಿಕೊಳ್ಳಬೇಕು. ಹವ್ಯಾಸಿಗಳಿಗೆ ಇದೇ ಸಂಭ್ರಮ. ಗಡುವಿನೊಳಗೆ ಪುಟ ಮುಗಿಸಬೇಕಾದ ಡಿಟಿಪಿ ಆಪರೇಟರ್‌ಗೆ ಹೀಗಂದು ನೋಡಿ.

ಹಾಗೆ ನೋಡಿದರೆ, ನಮ್ಮಲ್ಲಿ ದಿನವಿಡೀ ಟೈಪ್ ಮಾಡುವವರ ಬೆರಳು ಪಳಗಿದ್ದು ಐಬಿಎಂನಲ್ಲಿ ಅಲ್ಲವೇ ಅಲ್ಲ. ಬ್ಯಾಂಕ್ ಕೌಂಟರ್, ಔಷಧಿ ಅಂಗಡಿಯ ಬಿಲ್ಲಿಂಗ್, ಪತ್ರಿಕಾ ಕಚೇರಿ, ಡೇಟಾ ಎಂಟ್ರಿ ಕೇಂದ್ರ, ಎಲ್ಲಿ ನೋಡಿದರೂ ಬಿಳಿ ಮೈಯ ಟಿವಿಎಸ್ ಗೋಲ್ಡ್ ಇರುತ್ತಿತ್ತು. ಅದೂ ಸದ್ದು ಮಾಡುವ ಮೆಕ್ಯಾನಿಕಲ್ ಮಣೆಯೇ. ಕೆಲವೇ ಸಾವಿರ ರೂಪಾಯಿ, ಕೆಟ್ಟರೆ ಬೆಸುಗೆ ಬಿಡಿಸಿ ಒಂದು ಸ್ವಿಚ್ ಬದಲಿಸಿದರೆ ಮುಗಿಯಿತು. ಸದ್ದಿನ ಬಿಂದು, ಸಂಪರ್ಕದ ಬಿಂದು ಎಂದು ಅಂತರ ಅಳೆಯುವವರು ಆ ಮಣೆಗಳ ಮೇಲೆ ಸುರಿದ ಕೋಟ್ಯಂತರ ಅಕ್ಷರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಳ್ಳೆಯ ಟೈಪಿಂಗ್‌ಗೆ ಮೂರು ಕಿಲೋ ಲೋಹ ಬೇಕು ಎಂಬುದಕ್ಕೆ ಆಧಾರವಿಲ್ಲ.

ವಿದ್ಯೆ ಉಳಿಸುವ ಮಾತು ನನ್ನನ್ನು ಸ್ವಲ್ಪ ತಡೆದು ನಿಲ್ಲಿಸಿತು ಎಂಬುದು ನಿಜ. ಆದರೆ ಲೆಕ್ಸಿಂಗ್ಟನ್‌ನಲ್ಲಿ ಆ ವಿದ್ಯೆ ಕಡಿಯದೆ ಸಾಗಿಬಂದಿರುವುದನ್ನು ಒಂದು ಗೌರವದ ಮಾತಿನಲ್ಲಿ ದಾಟಿಬಿಟ್ಟರಲ್ಲ! ಯೂನಿಕಾಂಪ್ ಹಳೆಯ ಸವೆದ ಅಚ್ಚುಗಳ ಜಾಗಕ್ಕೆ ಹೊಸದನ್ನು ಮಾಡಿಸಿತು. 2021ರಲ್ಲಿ ನಂಬರ್ ಪ್ಯಾಡ್ ಇಲ್ಲದ ಪುಟ್ಟ ಮಾಡೆಲ್ ಎಂ ಅನ್ನೂ ತಂದಿತು. ಬೆಲೆ ಈ ನಕಲಿನ ಅರ್ಧಕ್ಕಿಂತ ಕಡಿಮೆ. ರಿವೆಟ್ ಮುರಿಯುತ್ತದೆಯೇ? ಮುರಿಯುತ್ತದೆ. ಅದಕ್ಕೆ ಮದ್ದನ್ನೂ ಬಳಕೆದಾರರೇ ಕಂಡುಕೊಂಡಿದ್ದಾರೆ: ರಿವೆಟ್ ಕೆರೆದು ತೆಗೆದು, ರಂಧ್ರ ಕೊರೆದು, ಸಣ್ಣ ಬೋಲ್ಟುಗಳಿಂದ ಬಿಗಿಯುವುದು. ಒಂದು ವಾರಾಂತ್ಯದ ಕೆಲಸ. ಅಷ್ಟಾದ ಮೇಲೆ ಆ ಮಣೆ ಇನ್ನೊಂದು ತಲೆಮಾರು ಬರುತ್ತದೆ.

ಟರ್ಮಿನಲ್‌ಗಳ ಲೂಟಿಯ ವಿಷಯದಲ್ಲಿ ಅವರ ವಾದ ತಲೆಕೆಳಗಾಗಿದೆ. ನಕಲು ತಯಾರಾದದ್ದರಿಂದಲೇ 62 ಕೀಲಿಯ ಬ್ಯಾಂಕ್ ಮಣೆ ಎಂದರೇನೆಂದು ಸಾವಿರಾರು ಹೊಸಬರಿಗೆ ತಿಳಿಯಿತು. ನಕಲು ಕೊಂಡವರಲ್ಲಿ ಒಂದಷ್ಟು ಮಂದಿಗೆ ಅಸಲಿಯ ಆಸೆ ಹುಟ್ಟದೇ ಇರುತ್ತದೆಯೇ? ಸಂಗ್ರಾಹಕನ ಸ್ವಭಾವ ಬಲ್ಲವರು ಈ ಭರವಸೆ ಕೊಡಲಾರರು.

ಉಳಿದದ್ದು ಕೀಲಿಗಳ ವಿನ್ಯಾಸದ ಮಾತು. ಶಿಫ್ಟ್ ಬದಲಿಸಿದರು, ಎಂಟರ್ ಬದಲಿಸಿದರು, ಕಂಟ್ರೋಲರ್ ಬೇರೆ, ತಂತಿ ಬೇರೆ. ಕೆ.ಪಿ. ರಾವ್ ವಿನ್ಯಾಸದವರಿಗೆ ಅನುಕೂಲವಾಯಿತು ಎಂದರೆ ನನಗೂ ಸಂತೋಷವೇ, ನಾನೂ ಅದರಲ್ಲೇ ಬರೆಯುವವನು. ಇಷ್ಟೆಲ್ಲ ಬದಲಿಸಲು ಒಪ್ಪುವವರು ಆ ಸತುವಿನ ಪೆಟ್ಟಿಗೆಯನ್ನು ಮಾತ್ರ ಏಕೆ ಹಿಡಿದುಕೊಂಡಿದ್ದಾರೆ? ಸ್ಪ್ರಿಂಗೇ ಜೀವಾಳವಾದರೆ ಅದನ್ನು ಹಗುರವಾದ, ಫೋಮ್ ಬೇಡದ, ಒಂದು ಕೊಳವೆ ಕೆಟ್ಟರೆ ಅದೊಂದನ್ನೇ ಮೇಲಿನಿಂದ ಎತ್ತಿ ಬದಲಿಸಬಹುದಾದ ಹೊಸ ಚೌಕಟ್ಟಿನಲ್ಲಿ ಕೂರಿಸುವ ಎಂಜಿನಿಯರಿಂಗ್ ಮಾಡಲಿ. ಮೂಲ ಪೇಟೆಂಟಿನ ಅವಧಿ ಯಾವಾಗಲೋ ಮುಗಿದಿದೆ, ತಡೆಯುವವರಿಲ್ಲ. ಅದು ಕಷ್ಟದ ಕೆಲಸ, ಹೊಸ ಯೋಚನೆ ಬೇಡುವ ಕೆಲಸ. ನಕಲು ಮಾಡುವುದು ಅದಕ್ಕಿಂತ ಸುಲಭ, ಮಾರುವುದೂ ಸುಲಭ, ಏಕೆಂದರೆ ಕೊಳ್ಳುವವರಿಗೆ ಬೇಕಾಗಿರುವುದು ಸ್ಪ್ರಿಂಗ್ ಅಲ್ಲ, ಮೇಜಿನ ಮೇಲೆ ಕಾಣುವ 1980ರ ದಶಕ.

ಈ ತಯಾರಿಕೆಯಲ್ಲಿ ನಾನು ಮೆಚ್ಚುವ ಒಂದು ಭಾಗವಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಅದೇ ಸಂಸ್ಥೆ ಬಿಡಿ ಸ್ಪ್ರಿಂಗ್, ವಾಲುವ ತುಂಡು, ಕತ್ತರಿಸಿದ ಫೋಮ್ ಹಾಳೆ, ಯುಎಸ್‌ಬಿ ಕಂಟ್ರೋಲರ್ ಇವುಗಳನ್ನೂ ಮಾರುತ್ತದೆ, ಹಳೆಯ ಎಫ್‌ಗಳಿಗೆ ಇವು ಹೊಂದುತ್ತವೆ. ಧೂಳು ಹಿಡಿದು ಕೂತ ಹಳೆಯದೊಂದನ್ನು ಎಬ್ಬಿಸಲು ಇಷ್ಟು ಸಾಕು. ಕಾರ್ಖಾನೆಯ ಸಾಲಿನಲ್ಲಿ ಪೂರ್ಣ ಮಣೆಗಳ ಎರಕ ನಿಂತುಹೋದರೂ ಈ ಬಿಡಿಭಾಗಗಳ ಅಚ್ಚು ನಿಲ್ಲಬಾರದು. ನನ್ನ ಹಣ ಹೋಗುವುದಿದ್ದರೆ ಅದಕ್ಕೆ ಹೋಗಲಿ.