ಸ್ಪಷ್ಟನೆ: ತರಬೇತಿ ಒಪ್ಪಂದದಿಂದ ನೇರ ನೌಕರಿ ಸಿಗುವುದಿಲ್ಲ

‘ಸ್ಥಳೀಯ ಸಂಸ್ಥೆಯ ಮಾನವ ಸಂಪನ್ಮೂಲ ಮುಖ್ಯಸ್ಥರು ಸಮುದಾಯ ಸಂಘಟನೆಗಳ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ, ಅಲ್ಲಿ ತರಬೇತಿ ಮುಗಿಸಿದವರಿಗೆ ನೇರ ಕಾಯಂ ನೌಕರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇಂಥ ಒಪ್ಪಂದಗಳು ಇರುವುದು ನಿಜ. ನೇರ ನೌಕರಿಯ ಮಾತು ತಪ್ಪು.

ಖಾಲಿ ಹುದ್ದೆಯ ಸುದ್ದಿ ತಲುಪದವರಿಗೆ ತಲುಪಿಸುವುದು, ಅರ್ಜಿ ತುಂಬಲು ನೆರವಾಗುವುದು, ಕೆಲಸ ಕಲಿಸುವುದು: ಸಂಘಟನೆಯ ಪಾತ್ರ ಇಷ್ಟೇ. ಹುದ್ದೆ ಮಂಜೂರಾಗಿ, ಬಜೆಟ್ಟಿನಲ್ಲಿ ಸಂಬಳಕ್ಕೆ ಹಣವಿದ್ದು, ಪ್ರಕಟಣೆ ಹೊರಬಿದ್ದು, ಉಳಿದ ಅರ್ಜಿದಾರರ ಜೊತೆ ಸ್ಪರ್ಧಿಸಿ ಆಯ್ಕೆಯಾದರೆ ನೇಮಕ. ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಈ ಹಂತಗಳು ತಪ್ಪುವುದಿಲ್ಲ. ತರಬೇತಿ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ ಎಂದಲ್ಲ. ಅದಕ್ಕೆ ಆದ್ಯತೆ ಉಂಟೋ ಇಲ್ಲವೋ ಎಂಬುದನ್ನು ಪ್ರಕಟಣೆಯೇ ಹೇಳಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಪಟ್ಟಿಯಿಂದ. ತರಬೇತಿಯ ಹಾಜರಿ ಪಟ್ಟಿಯ ಫೋಟೊ, ಮೇಲೆ ಕಚೇರಿಯ ಲಾಂಛನ. ನಾಲ್ಕು ಗುಂಪು ದಾಟುವಷ್ಟರಲ್ಲಿ ಅದೇ ‘ಆಯ್ಕೆ ಪಟ್ಟಿ’! ನಿಜವಾದ ನೇಮಕಾತಿ ಆದೇಶದಲ್ಲಿ ಹುದ್ದೆಯ ಹೆಸರು, ವೇತನ, ಕೆಲಸಕ್ಕೆ ಹಾಜರಾಗಬೇಕಾದ ದಿನ, ನೇಮಕಾತಿ ಪ್ರಾಧಿಕಾರದ ಸಹಿ ಇರುತ್ತವೆ. ಪ್ರಕಟಣೆಯನ್ನು ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ಹುಡುಕಿ. ಸಿಗದಿದ್ದರೆ ಕಚೇರಿಯಲ್ಲಿ ವಿಚಾರಿಸಿ. ‘ಹೆಸರು ಸೇರಿಸಲು’ ದುಡ್ಡು ಕೇಳಿದರಂತೂ ಕೊಡಲೇಬೇಡಿ.

ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.