ಸರ್ವರ್ ಡೌನ್ ಅಲ್ಲ ಸ್ವಾಮಿ, ಕಾಯ್ತಾ ಕೂತಿದೆ

ಮೊನ್ನೆ ಒಂದು ಕಚೇರಿಯ ಕಿಟಕಿ ಮುಂದೆ ಎರಡು ಗಂಟೆ ನಿಂತೆ. ಒಳಗಿದ್ದವರು ತಲೆ ಎತ್ತದೆ ಹೇಳಿದ್ದು ಎರಡೇ ಮಾತು: ‘ಸರ್ವರ್ ಡೌನ್’. ಮೊದಲೆಲ್ಲ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಅಂತಿದ್ದರು. ಸಾಹೇಬರು ಸಂಜೆಗಾದರೂ ಹೊರಗೆ ಬರುತ್ತಿದ್ದರು. ಸರ್ವರಿನ ಮುಖ ಕಂಡವರೇ ಇಲ್ಲ, ಜಗಳ ಆಡೋದು ಯಾರ ಹತ್ತಿರ?

ಡೇಟಾಬೇಸ್ ನೋಡಿಕೊಳ್ಳುವ ಗೆಳೆಯನಿಗೆ ಹೇಳಿದರೆ ನಕ್ಕ. “ಡೌನ್ ಎಲ್ಲಿ ಬಂತು ಮಾರಾಯ? ಸಿಪಿಯು ಆಕಳಿಸ್ತಾ ಇರುತ್ತೆ. ಎಲ್ಲರೂ ಒಂದೇ ಲಾಕ್‌ಗೆ, ಅಂದ್ರೆ ಯಾರೋ ದಾಖಲೆಗೆ ಹಾಕಿದ ಬೀಗ ತೆಗೆಯೋದಕ್ಕೆ, ಕಾಯ್ತಿರ್ತಾರೆ, ಅಷ್ಟೆ.”

ಆ ಲಾಕ್ ಹಿಡಿದವರು ಯಾರು? ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಅನ್ನುವ ಕೆಲಸ) ಶುರು ಮಾಡಿ, ಟೇಬಲ್ಲಿನ ಒಂದು ಸಾಲು ತಿದ್ದಿ, ಕಮಿಟ್ ಮಾಡದೆ, ಅಂದರೆ ಖಾಯಂ ಮಾಡದೆ, ಸುಮ್ಮನಾದ ಒಂದು ಸೆಷನ್ (ಡೇಟಾಬೇಸಿನ ಜೊತೆಗಿನ ಒಂದು ಸಂಪರ್ಕ). ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇದನ್ನು ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅನ್ನುತ್ತದೆ. ನಮಗೆ ಆಸಾಮಿ ಹಳೆಯ ಪರಿಚಯ: ಕಡತವನ್ನು ಬೀರುವಿನಲ್ಲಿಟ್ಟು, ಬೀಗದ ಕೈ ಜೇಬಿಗೆ ಹಾಕಿಕೊಂಡು ಟೀಗೆ ಹೋದವರು. ಕಾಗದ ಬಿಟ್ಟು ಕಂಪ್ಯೂಟರಿಗೆ ಬರುವಾಗ ಅವರನ್ನೂ ಮರೆಯದೆ ಕರೆತಂದಿದ್ದೇವೆ.

ಇನ್ನು ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ನೇರ ಹುಡುಕಿಕೊಡುವ ಸೂಚಿ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿನ ಇನ್ನೋಡಿಬಿ ಎಂಜಿನ್ನಿನಲ್ಲಿ ಇಂಡೆಕ್ಸ್ ಇಲ್ಲದ ಕಾಲಂ ಹಿಡಿದು ಅಪ್‌ಡೇಟ್ ಮಾಡಿದರೆ, ಡೀಫಾಲ್ಟ್ ಐಸೊಲೇಷನ್‌ನಲ್ಲಿ (ಒಬ್ಬರ ಕೆಲಸ ಇನ್ನೊಬ್ಬರಿಗೆ ಎಷ್ಟು ತಾಗಬಾರದು ಅನ್ನುವ ಮಟ್ಟ) ಅದು ಹಾದುಹೋದ ಸಾಲಿಗೆಲ್ಲ ಬೀಗ ಜಡಿಯುತ್ತದೆ. ಒಬ್ಬ ರಂಗಪ್ಪನ ಹೆಸರು ತಿದ್ದಲು ಇಡೀ ತಾಲ್ಲೂಕು ಹೊಸ್ತಿಲಲ್ಲಿ ನಿಲ್ಲಬೇಕು. ಡೀಫಾಲ್ಟ್ 50 ಸೆಕೆಂಡು ಕಾದ ಮೇಲೆ ‘ಟೈಮ್‌ಔಟ್, ಮತ್ತೆ ಪ್ರಯತ್ನಿಸಿ’. ಜನ ಮತ್ತೆ ಒತ್ತುತ್ತಾರೆ, ಮೂರು ಮೂರು ಸಲ ಒತ್ತುತ್ತಾರೆ. ಕ್ಯೂ ಬಾಗಿಲು ದಾಟಿ ಬೀದಿಗೆ ಬರುತ್ತದೆ.

ಇದಕ್ಕೂ ಮೇಲೆ ಅರ್ಜಿ ಸಂಖ್ಯೆಯ ಮಡಿ. ಸಂಖ್ಯೆಗಳನ್ನು ತಾನೇ ಹಂಚುವ ಸೀಕ್ವೆನ್ಸ್ ಬಳಸಿದರೆ ಯಾರೂ ಯಾರಿಗೂ ಕಾಯಬೇಕಿಲ್ಲ, ಆದರೆ ಮಧ್ಯೆ ಒಂದೆರಡು ಸಂಖ್ಯೆ ಹಾರಿಹೋಗಬಹುದು. ಹಾರಿದರೆ ಆಡಿಟ್‌ನವರು ಕೇಳುತ್ತಾರಂತೆ! ಅದಕ್ಕೇ ಒಂದೇ ಒಂದು ಸಾಲಿನಲ್ಲಿ ಲೆಕ್ಕ ಇಟ್ಟು ಎಲ್ಲರೂ ಅದನ್ನೇ ತಿದ್ದುವುದು. ಸಾವಿರ ಜನರ ಮದುವೆಯೂಟಕ್ಕೆ ಕೈ ತೊಳೆಯಲು ಒಂದೇ ನಲ್ಲಿ. ನೂಕುನುಗ್ಗಲು ನೋಡಿ ಸಭೆ ಸೇರಿದವರ ತೀರ್ಮಾನ: ಛತ್ರ ದೊಡ್ಡದು ಮಾಡೋಣ. ಹೊಸ ಸರ್ವರ್ ಬರುತ್ತದೆ, ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ನಲ್ಲಿ ಮಾತ್ರ ಅದೇ. ಇಂಡೆಕ್ಸ್ ಹಾಕೋದು ಒಂದು ಸಾಲಿನ ಕಮಾಂಡಿನ ಕೆಲಸ ನಿಜ, ಆದರೆ ಒಂದು ಸಾಲಿಗೆ ಟೆಂಡರ್ ಕರೆಯೋದು ಹೇಗೆ? ಉದ್ಘಾಟನೆಯ ಟೇಪು ಎಲ್ಲಿ ಕಟ್ಟೋದು?

ಡೆಡ್‌ಲಾಕ್ ವಿಷಯದಲ್ಲಿ ಮಾತ್ರ ಯಂತ್ರಕ್ಕೆ ನಮ್ಮಷ್ಟು ತಾಳ್ಮೆಯಿಲ್ಲ. ಇಬ್ಬರೂ ‘ಮೊದಲು ನೀ ಬಿಡು’ ಎಂದು ಕೂತರೆ ಪೋಸ್ಟ್‌ಗ್ರೆಸ್ ಡೀಫಾಲ್ಟ್ 1 ಸೆಕೆಂಡು ಕಾದು, ಪರೀಕ್ಷಿಸಿ, ಒಬ್ಬನನ್ನು ಎಬ್ಬಿಸಿ ಕಳಿಸುತ್ತದೆ. ನಮ್ಮಲ್ಲಿ ಆ ಇಲಾಖೆಗೆ ಈ ಇಲಾಖೆಯ ಎನ್‌ಒಸಿ ಬೇಕು, ಈ ಇಲಾಖೆಗೆ ಆ ಇಲಾಖೆಯದು. ಅಜ್ಜ ಕೊಟ್ಟ ಅರ್ಜಿಗೆ ಮೊಮ್ಮಗ ಓಡಾಡುತ್ತಾನೆ. ಕೊನೆಗೆ ರೋಲ್‌ಬ್ಯಾಕ್ ಆಗಿ ಶುರುವಿಗೆ ಮರಳುವುದೂ ಅರ್ಜಿದಾರನೇ.

ಗೆಳೆಯ ಹೇಗೋ ಯಾರದೋ ಕಿವಿಗೆ ಇಂಡೆಕ್ಸಿನ ವಿಷಯ ಹಾಕಿದ. ಅವರು ಒಪ್ಪಿದರು, ಉತ್ಸಾಹದಲ್ಲಿ ಅವತ್ತೇ ಬೆಳಿಗ್ಗೆ 11 ಗಂಟೆಗೆ ಹಾಕಿಯೂ ಬಿಟ್ಟರು. ಅವರದು ಪೋಸ್ಟ್‌ಗ್ರೆಸ್; ‘ಬರೆಯುವವರನ್ನು ತಡೆಯದೆ ಕಟ್ಟು’ ಎಂದು ಅದಕ್ಕೆ ಹೇಳುವ ‘ಕನ್‌ಕರೆಂಟ್ಲಿ’ ಅನ್ನುವ ಪದವೊಂದನ್ನು ಸೇರಿಸಲು ಮರೆತರು. ಇಂಡೆಕ್ಸ್ ಕಟ್ಟಿ ಮುಗಿಯುವವರೆಗೆ ಆ ಟೇಬಲ್ಲಿಗೆ ಯಾರೂ ಒಂದಕ್ಷರ ಬರೆಯುವಂತಿಲ್ಲ.

ನಾನು ಆಗಲೇ ಮತ್ತೆ ಕಿಟಕಿ ಮುಂದಿದ್ದೆ. ಈ ಸಲ ತಲೆ ಎತ್ತಿ ಹೇಳಿದರು: “ಸರ್ವರ್ ರಿಪೇರಿ ನಡೀತಿದೆ ಸಾರ್, ಅದಕ್ಕೇ ಡೌನು.”