ಸತ್ಯಾಂಶ: 7 ವರ್ಷಕ್ಕೆ ಕ್ರಿಮಿನಲ್ ದಾಖಲೆ ತಾನಾಗೇ ಅಳಿಯುತ್ತದಾ?

ಅಮೆರಿಕದಲ್ಲಿ 7 ವರ್ಷ ಕಳೆದರೆ ಕ್ರಿಮಿನಲ್ ದಾಖಲೆ ತಾನಾಗೇ ಅಳಿಸಿಹೋಗುತ್ತದೆ ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. ನಿಜ ಅಲ್ಲ.

ಆ 7 ವರ್ಷದ ಲೆಕ್ಕ ಇರುವುದು ಅಲ್ಲಿನ ಒಂದು ಕೇಂದ್ರ ಕಾನೂನಿನಲ್ಲಿ, ಅದೂ ಕೆಲಸಕ್ಕೆ ಸೇರುವವರ ಹಿನ್ನೆಲೆ ತಪಾಸಣೆ ಮಾಡುವ ಖಾಸಗಿ ಕಂಪನಿಗಳಿಗೆ. ಶಿಕ್ಷೆಯಾಗದ ಹಳೇ ಬಂಧನವನ್ನು ಅವು ಸಾಮಾನ್ಯವಾಗಿ ವರದಿಯಲ್ಲಿ ಹಾಕುವಂತಿಲ್ಲ, ಅಷ್ಟೇ. ಅಪರಾಧ ಸಾಬೀತಾಗಿದ್ದರೆ ಆ ಕೇಂದ್ರ ಕಾನೂನಿನಲ್ಲಿ ಗಡುವೇ ಇಲ್ಲ. ಕೋರ್ಟ್ ಫೈಲಂತೂ ಅಲ್ಲೇ ಇರುತ್ತದೆ.

ದಾಖಲೆ ಅಳಿಸುವುದಕ್ಕೂ, ಜನರಿಗೆ ಕಾಣದಂತೆ ಮುಚ್ಚಿಡುವುದಕ್ಕೂ ರಾಜ್ಯಕ್ಕೊಂದು ನಿಯಮ. ಬಹಳ ಕಡೆ ಅರ್ಜಿ ಹಾಕಲೇಬೇಕು, ಆದರೆ ಫೀಸು, ಫಾರಂ, ಕೋರ್ಟಿಗೆ ಅಲೆದಾಟ ಅಂತ ಅರ್ಹತೆ ಇದ್ದವರಲ್ಲೂ ಜಾಸ್ತಿ ಜನ ಆ ಗೋಜಿಗೇ ಹೋಗುವುದಿಲ್ಲ. ಇದಕ್ಕೇ 2018ರಲ್ಲಿ ಪೆನ್ಸಿಲ್ವೇನಿಯಾ ಕೆಲವು ದಾಖಲೆಗಳನ್ನು ಅರ್ಜಿಯಿಲ್ಲದೆ ಮುಚ್ಚುವ ಕಾನೂನು ತಂದಿತು. ಆಮೇಲೆ ಯೂಟಾ, ಮಿಷಿಗನ್ ಕೂಡ. ಒಳ್ಳೆಯ ಹೆಜ್ಜೆಯೇ, ಆದರೆ ಗಂಭೀರ ಅಪರಾಧಗಳು ಇದರಲ್ಲಿ ಬರುವುದಿಲ್ಲ, ಮುಚ್ಚಿದ ಫೈಲು ಪೊಲೀಸರಿಗೆ ಕಾಣಿಸುತ್ತಲೇ ಇರುತ್ತದೆ.